ಇಟ್ಟ ಆಯುಧ

ಬೆಂಗಳೂರಿನ ಪೂರ್ವಭಾಗಕ್ಕೆ ಹಳೆಯ ಕನ್ನಡಿಗರು ಕೊಟ್ಟ ಹೆಸರು ದಂಡು. ಪೇಟೆಯ ಗೃಹಸ್ಥನೊಬ್ಬನು 'ದಂಡಿಗೆ ಹೋಗಿ ಬರುತ್ತೇನೆ' ಎಂದರೆ ಆತನು ಕಾಳಗಕ್ಕೆ ಹೊರಟನೆಂದು ಯಾರೂ ಗಾಬರಿಪಡುತ್ತಿರಲಿಲ್ಲ. ಕನ್ನಡಕ ಮಾಡಿಸುವುದಕ್ಕೋ ಕೋಟು ಹೊಲಿಸುವುದಕ್ಕೋ ಹೊರಟಿದ್ದಾನೆಂದು ತಿಳಿದು, ಬರುವಾಗ ರೊಟ್ಟಿಯಂಗಡಿಯಿಂದ ಏನಾದರೂ ತರುವನೆಂದು ಮಕ್ಕಳು ಕಾಯುತ್ತಿದ್ದರು. ಆದರೂ ಹೆಸರು ಸುಳ್ಳಲ್ಲ. 1809ರ ಸುಮಾರಿಗೆ ಇಂಗ್ಲಿಷರ ಪಲ್ಟನ್ನುಗಳು ಶ್ರೀರಂಗಪಟ್ಟಣದ ಜ್ವರದ ಗಾಳಿಯನ್ನು ತೊರೆದು ಹಲಸೂರಿನ ಕಡೆಯ ಈ ಬಯಲಿಗೆ ಬಂದು ಬೀಡುಬಿಟ್ಟ ಮೇಲೆ, ಇಲ್ಲಿಯ ಮಣ್ಣಿನ ದಾರಿಗಳೆಲ್ಲ ಒಂದೊಂದು ಸೇನಾಂಗದ ಹೆಸರನ್ನು ಹೊತ್ತುಕೊಂಡುವು: ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ, ಮುಂದೆ ಕಾಮರಾಜರ ಹೆಸರನ್ನು ಪಡೆದ ಕ್ಯಾವಲ್ರಿ ರಸ್ತೆ, ಮತ್ತು ಇವೆಲ್ಲಕ್ಕೂ ದೊಡ್ಡಣ್ಣನಂತೆ, ಕವಾಯತಿನ ಮೈದಾನದ ದಕ್ಷಿಣದ ಅಂಚನ್ನು ಹಿಡಿದು ಹೋಗುತ್ತಿದ್ದ ಸೌತ್ ಪರೇಡ್. ಈ ಸೌತ್ ಪರೇಡಿಗೆ 1948ರಲ್ಲಿ ಹೊಸ ಹೆಸರು ಬಂದಿತು. ಅದು ಮಹಾತ್ಮಾ ಗಾಂಧಿ ರಸ್ತೆಯಾಯಿತು.

ಹಲಸೂರಿನಿಂದ ಟ್ರಿನಿಟಿ ಚರ್ಚಿನ ಗೋಪುರವನ್ನು ಗುರಿಯಿಟ್ಟುಕೊಂಡು ಆ ರಸ್ತೆಯವರೆಗೆ ಸಂಜೆಯಲ್ಲಿ ನಡೆಯುವ ಅಭ್ಯಾಸವುಳ್ಳ ನನಗೆ, ಈ ನಾಮಾಂತರದ ಒಳಗೆ ಅಡಗಿರುವ ವೈಚಿತ್ರ್ಯವು ಬಹುಕಾಲ ಹೊಳೆದಿರಲಿಲ್ಲ. ಆಯುಧವನ್ನು ಕೈಯಿಂದ ಮುಟ್ಟದವನ ಹೆಸರು ಆಯುಧದ ಬೀದಿಗೆ ಬಂದದ್ದು ಒಂದು ವಿಚಿತ್ರವಾದರೆ, ಅವನನ್ನು ಕೊಂದ ವಸ್ತುವು ಯಾವನೋ ಕಳ್ಳ ಕಮ್ಮಾರನು ಕತ್ತಲಲ್ಲಿ ಮಾಡಿಕೊಟ್ಟ ನಾಡಪಿಸ್ತೂಲಾಗಿರದೆ, ಒಂದು ದೊಡ್ಡ ದೇಶದ ದಂಡಿನಲ್ಲಿ ಅಧಿಕಾರಿಗಳಿಗೆ ಕೊಡುವ ವಿಧಿವತ್ತಾದ ಸೇವಾಪಿಸ್ತೂಲಾಗಿದ್ದದ್ದು ಇನ್ನೊಂದು. ಅದರ ಮೈಮೇಲೆ ಅಂಕಿಯಿತ್ತು. 606824.

ಅದು ಬೆರೆಟ್ಟಾ ಎಂಬ ಮನೆತನದ ಕಾರ್ಖಾನೆಯಲ್ಲಿ, ಉತ್ತರ ಇಟಲಿಯ ಬ್ರೆಷಿಯಾ ಸೀಮೆಯ ಗಾರ್ದೋನೆ ಎಂಬ ಕಣಿವೆಯೂರಿನಲ್ಲಿ ತಯಾರಾದ ಜಾತಿಯದು. 1934ರ ಮಾದರಿ ಎಂದು ಅದನ್ನು ಕರೆಯುತ್ತಾರೆ. ಒಂಬತ್ತು ಮಿಲಿಮೀಟರಿನ ಗಿಡ್ಡ ಗುಂಡು, ಏಳು ಗುಂಡುಗಳ ಹಿಡಿ, ಮುಕ್ಕಾಲು ಕಿಲೋಗ್ರಾಮಿಗೂ ಕಡಮೆಯಾದ ತೂಕ; ದೊಡ್ಡ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಈ ಜಾತಿಯ ಪಿಸ್ತೂಲುಗಳಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಅವುಗಳ ಯಂತ್ರಚಾತುರ್ಯವಲ್ಲ, ಅವುಗಳ ಮೇಲೆ ಕೊರೆದ ಕಾಲಗಣನೆ. ಕ್ರಿಸ್ತಶಕದ ವರ್ಷದ ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ ಇನ್ನೊಂದು ವರ್ಷವಿರುತ್ತದೆ. ಅದು ಮುಸೊಲಿನಿಯ ಪಕ್ಷವು 1922ರಲ್ಲಿ ರೋಮಿನ ಮೇಲೆ ನಡೆದು ಬಂದ ದಿನದಿಂದ ಎಣಿಸಿದ ಶಕ. ವಿಕ್ರಮನದೊಂದು ಶಕ, ಶಾಲಿವಾಹನನದೊಂದು ಶಕ, ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನು ತನ್ನ ಹೆಸರಿನಲ್ಲಿ ನಿಲ್ಲಿಸಿದ ಶಕವೊಂದು ಎಂದು ಶಾಸನಗಳಲ್ಲಿ ಓದಿದ ನಮಗೆ ಈ ಆಸೆ ಹೊಸದಲ್ಲ. ಕಾಲವನ್ನು ತನ್ನಿಂದಲೇ ಮೊದಲುಮಾಡಬೇಕೆಂಬ ಆ ಇಟಲಿಯ ಶಕವು ಹೆಚ್ಚು ದಿನ ಬಾಳಲಿಲ್ಲ. ಅದನ್ನು ಕೊರೆಸಿಕೊಂಡ ಉಕ್ಕು ಮಾತ್ರ ಬಾಳಿತು.

ಮಾದರಿ ಹುಟ್ಟಿದ ಮರುವರ್ಷವೇ, 1935ರ ಅಕ್ಟೋಬರಿನಲ್ಲಿ, ಇಟಲಿಯ ಸೈನ್ಯವು ಅಬಿಸೀನಿಯದ ಮೇಲೆ ಬಿದ್ದಿತು. ಆರನೆಯ ವರ್ಷಕ್ಕೆ ಗಾಲಿ ತಿರುಗಿತು. 1941ರ ಫೆಬ್ರವರಿ–ಮಾರ್ಚಿನಲ್ಲಿ ಎರಿಟ್ರಿಯದ ಕೆರೆನ್ ಬೆಟ್ಟಗಳಲ್ಲಿ ಭಾರತದ 4ನೆಯ ಮತ್ತು 5ನೆಯ ಡಿವಿಜನ್ನುಗಳು ಹೋರಾಡಿದುವು. ಇಟಲಿಯವರು ಬಂಡೆ ಕೆಡವಿ ಮುಚ್ಚಿದ್ದ ದೊಂಗೊಲಾಸ್ ಕಂದರದ ದಾರಿಯನ್ನು ಗುಂಡಿನ ಮಳೆಯ ಕೆಳಗೆ ಬಿಡಿಸಿದವರು ಸ್ಯಾಪರುಗಳು. ಆ ರಣರಂಗದಲ್ಲಿ ನಮ್ಮ ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ತಂಬಿಗಳೂ ಇದ್ದರು. ತಂಬಿ ಎಂಬುದು ಆ ಪಡೆಯವರಿಗೆ ಸೈನ್ಯದಲ್ಲೆಲ್ಲ ಸಲ್ಲುವ ಹೆಸರು. ಕೆರೆಯ ಈಚೆಗೆ ಸಾಲುಮರಗಳ ಹಿಂದೆ ಅವರ ಬೀಡಿದೆ. ಬೆಳಗಿನಲ್ಲಿ ಅವರ ಕಹಳೆ ಸೋಮೇಶ್ವರನ ಗುಡಿಯ ಗಂಟೆಯೊಡನೆ ಬೆರೆತು ಕೇಳಿಸುವುದುಂಟು. ಮಾರ್ಚ್ 27ಕ್ಕೆ ಕೆರೆನ್ ಬಿದ್ದಿತು, ಮೇ ತಿಂಗಳಿನಲ್ಲಿ ಹೈಲೆ ಸೆಲಾಸಿಯು ಅಡಿಸ್ ಅಬಾಬಕ್ಕೆ ಮರಳಿದನು. ಆಫ್ರಿಕದ ಸಮರಗಳಲ್ಲಿ ಸೆರೆಸಿಕ್ಕ ಇಟಲಿಯವರು ಸಾವಿರಗಟ್ಟಲೆಯಾಗಿ ಹಡಗೇರಿ ಬಂದರು. ಅವರನ್ನು ಇರಿಸಿದ ಶಿಬಿರಗಳಲ್ಲಿ ಬೆಂಗಳೂರಿನ ಸುತ್ತಣವೂ ಸೇರಿದ್ದುವು. ಹೀಗೆ, ಯಾರ ಸೊಂಟದಲ್ಲಿ ಈ ಜಾತಿಯ ಪಿಸ್ತೂಲು ತೂಗುತ್ತಿತ್ತೋ ಅಂಥ ಮನುಷ್ಯರು ಬರಿಯ ಸೊಂಟದವರಾಗಿ ನಮ್ಮ ಊರಿನ ರಾಗಿಹೊಲಗಳ ನಡುವೆ ಮುಳ್ಳುತಂತಿಯ ಹಿಂದೆ ಕೆಲವು ವರ್ಷ ಕಳೆದರು.

ಮನುಷ್ಯರಿಗೆ ಶಿಬಿರವಾಯಿತು, ಎಣಿಕೆಯಾಯಿತು, ಕೊನೆಗೆ ಮನೆಗೆ ಹಡಗೂ ಆಯಿತು. ಅವರ ಆಯುಧಗಳೇನಾದುವು? ಗಾಂಧೀಜಿಯನ್ನು ಕೊಂದ ಪಿಸ್ತೂಲಿನ ವಿಚಾರದಲ್ಲಿ ಸಾಮಾನ್ಯವಾಗಿ ಹೇಳುವುದು ಹೀಗೆ: ಆಫ್ರಿಕದಲ್ಲಿ ಶರಣಾದ ಇಟಲಿಯ ಅಧಿಕಾರಿಯೊಬ್ಬನಿಂದ ಅದು ಗ್ವಾಲಿಯರ್ ಸಂಸ್ಥಾನದ ದಳದ ಅಧಿಕಾರಿಯೊಬ್ಬನ ಕೈಗೆ ಬಂದು, ಅವನೊಡನೆ ಸಮುದ್ರ ದಾಟಿ, ಗ್ವಾಲಿಯರಿನಲ್ಲಿ ಕೈಯಿಂದ ಕೈಗೆ ಸರಿಯುತ್ತ ಹೋಯಿತು. ಇಷ್ಟು ನಿಶ್ಚಯ: 1948ರ ಜನವರಿ 28ರಂದು ಕೊಲೆಗಾರನಾದ ಗೋಡ್ಸೆಗೆ ಅದು ದೊರೆತದ್ದು ಗ್ವಾಲಿಯರಿನಲ್ಲಿಯೇ. ಮೂರನೆಯ ದಿನ, 30ರ ಸಂಜೆ ಐದು ಗಂಟೆ ದಾಟಿ ಹದಿನೇಳು ನಿಮಿಷಕ್ಕೆ, ಬಿರ್ಲಾ ಭವನದ ಹುಲ್ಲುಹಾಸಿನ ಮೇಲೆ, ಪ್ರಾರ್ಥನೆಗೆ ತಡವಾಯಿತೆಂದು ಅವಸರಪಡುತ್ತಿದ್ದ ಎಪ್ಪತ್ತೆಂಟು ವರ್ಷದ ಮುದುಕನ ಎದುರು, ಕೈಮುಗಿಯುವವನಂತೆ ಬಾಗಿದ ಕೈಗಳ ನಡುವಿನಿಂದ ಅದು ಮೂರು ಬಾರಿ ಸಿಡಿಯಿತು. ಮುಂದೆ ಕೆಂಪುಕೋಟೆಯಲ್ಲಿ ವಿಚಾರಣೆ ನಡೆದು 1949ರ ಫೆಬ್ರವರಿಯಲ್ಲಿ ತೀರ್ಪಾಯಿತು. ಗ್ವಾಲಿಯರಿನ ಆಪಾದಿತನೊಬ್ಬನು ಮೇಲ್ಮನವಿಯಲ್ಲಿ ಬಿಡುಗಡೆ ಹೊಂದಿದನು. ನ್ಯಾಯಾಸ್ಥಾನದ ಲೆಕ್ಕ ಅಲ್ಲಿಗೆ ಮುಗಿಯಿತು, ಮುಗಿಯಲೇಬೇಕಾಗಿತ್ತು. ಏಕೆಂದರೆ ನ್ಯಾಯಾಸ್ಥಾನವು ಸಾಕ್ಷಿಯಿದ್ದಷ್ಟು ದೂರ ಮಾತ್ರ ನಡೆಯಬಲ್ಲುದು.

ಧರ್ಮಜಿಜ್ಞಾಸೆಯು ಅಲ್ಲಿಂದ ಮುಂದೆ ತೊಡಗುತ್ತದೆ. ಆ ಉಕ್ಕಿಗೆ ಪಾಪವುಂಟೆ? ಕೇಳಿದೊಡನೆ ನಗು ಬರುವ ಪ್ರಶ್ನೆಯಿದು. ಜಡಕ್ಕೆಲ್ಲಿಯ ಕರ್ಮ! ಕರ್ತೃತ್ವವಿಲ್ಲದಲ್ಲಿ ಕರ್ಮವಿಲ್ಲ, ಚೇತನವಿಲ್ಲದಲ್ಲಿ ಕರ್ತೃತ್ವವಿಲ್ಲ. ತರ್ಕವನ್ನು ಅರ್ಧ ಪ್ರಹರ ಓದಿದವನೂ ಇಷ್ಟು ಹೇಳಬಲ್ಲನು. ಆದರೆ ಈ ಉತ್ತರವು ನಮ್ಮನ್ನು ಬಿಡುಗಡೆಮಾಡುವ ಬದಲು ಇನ್ನಷ್ಟು ಬಿಗಿಯುವುದು ಹೇಗೆಂದರೆ, ಆ ಕೊಲೆಗಾರನೂ ಇದೇ ಜಡದ ಸ್ಥಾನವನ್ನೇ ತನಗಾಗಿ ಬೇಡಿದನು. ಅವನು ಗೀತೆಯನ್ನು ಬಲ್ಲವನು. ಅಂಬಾಲೆಯ ಗಲ್ಲಿನ ಕಟ್ಟೆಗೆ ಗೀತೆಯನ್ನು ಹಿಡಿದೇ ಏರಿದನೆಂದು ಹೇಳುವರು. ಕೊಲ್ಲಲ್ಪಟ್ಟವನೂ ಗೀತೆಯನ್ನೇ ನಿತ್ಯವೂ ಪಠಿಸಿ, ಅದಕ್ಕೆ ಅನಾಸಕ್ತಿಯೋಗವೆಂಬ ಹೆಸರಿಟ್ಟು ಗುಜರಾತಿಗೆ ತಂದವನು. ಒಂದೇ ಗ್ರಂಥವು ಗುಂಡಿನ ಆಚೆ ಈಚೆ ಎರಡು ಕಡೆಯೂ ಇತ್ತು. ಇದರಲ್ಲಿ ಆಶ್ಚರ್ಯಪಡುವವರು ಆ ಯುದ್ಧದ ಇನ್ನೊಂದು ಪಿಸ್ತೂಲಿನ ಕಥೆಯನ್ನು ನೆನೆಯಬಹುದು: ಬೆಲ್ಜಿಯಮಿನಲ್ಲಿ ಹುಟ್ಟಿದ ಬ್ರೌನಿಂಗ್ ಪಿಸ್ತೂಲನ್ನು, ಆ ನಾಡು 1940ರಲ್ಲಿ ಬಿದ್ದ ಮೇಲೆ, ಜರ್ಮನರು ಅದೇ ಕಾರ್ಖಾನೆಯಲ್ಲಿ ತಮಗಾಗಿ ಮಾಡಿಸಿಕೊಂಡರು, ಕೆನಡದ ಟೊರೊಂಟೊದಲ್ಲಿ ಅದನ್ನೇ ಮಿತ್ರಪಕ್ಷದವರಿಗಾಗಿ ಮಾಡಿದರು, ಕಾಲಾಂತರದಲ್ಲಿ ಬಂಗಾಳದ ಈಶಾಪುರದಲ್ಲಿ ನಮ್ಮ ಸೈನ್ಯಕ್ಕಾಗಿ ಮಾಡಿದ್ದೂ ಅದರ ಸಂತತಿಯನ್ನೇ. ಉಕ್ಕಿಗೆ ಪಕ್ಷವಿಲ್ಲ. ಗ್ರಂಥಕ್ಕೂ ಪಕ್ಷವಿಲ್ಲವೆಂದು ಒಪ್ಪುವುದಕ್ಕೆ ಮಾತ್ರ ನಮಗೆ ಸಂಕೋಚ.

ಅರ್ಜುನನಿಗೆ ಹೇಳಿದ 'ನಿಮಿತ್ತ'ವೆಂಬ ಮಾತಿನ ಮೇಲೆ ನಮ್ಮ ಆಚಾರ್ಯರು ಬಹಳ ಬರೆದಿದ್ದಾರೆ. ನನಗೆ ತೋರುವುದಿಷ್ಟು: ಆ ಮಾತು ಹದಿನೆಂಟು ಅಧ್ಯಾಯದ ಸಂಶಯವನ್ನು ಹಾದು ಬರುವವನಿಗೆ ಹೇಳಿದ್ದು, ಬಿಲ್ಲನ್ನು ಕೆಳಗೆ ಇಟ್ಟು ರಥದಲ್ಲಿ ಕುಸಿದವನಿಗೆ ಹೇಳಿದ್ದು. ಮೊದಲು ಇಡಲಾರದವನಿಗೆ ಅದು ಅನ್ವಯಿಸುವುದೇ ಇಲ್ಲ. 'ನಾನು ನಿಮಿತ್ತಮಾತ್ರ, ಇತಿಹಾಸವು ನನ್ನಿಂದ ಮಾಡಿಸಿತು' ಎನ್ನುವವನು ದೈವಕ್ಕೆ ಶರಣಾಗಿಲ್ಲ. ತಾನು ಪಿಸ್ತೂಲಾಗಿದ್ದೇನೆಂದು ಸಾರುತ್ತಿದ್ದಾನೆ. ಚೇತನವುಳ್ಳವನು ಜಡದ ನಿರಪರಾಧಿತ್ವವನ್ನು ಸಾಲವಾಗಿ ಕೇಳುವುದಕ್ಕಿಂತ ದೊಡ್ಡ ನಾಸ್ತಿಕ್ಯವಾವುದೋ ನಾನರಿಯೆ.

ಫಲದಿಂದ ಅಳೆಯೋಣವೆಂದರೆ ಅದೂ ಕೈಹತ್ತುವುದಿಲ್ಲ. ಇದಕ್ಕೆ ದೃಷ್ಟಾಂತವು ದೂರವಿಲ್ಲ, ನಮ್ಮ ದಂಡಿನಲ್ಲಿಯೇ ಇದೆ. 1896ರ ಅಕ್ಟೋಬರಿನಲ್ಲಿ 4ನೆಯ ಹುಸಾರ್ಸ್ ಎಂಬ ಕುದುರೆಯ ಪಡೆಯೊಡನೆ ಬೆಂಗಳೂರಿಗೆ ಬಂದ ಇಪ್ಪತ್ತೊಂದು ವರ್ಷದ ಸಣ್ಣ ಅಧಿಕಾರಿಯೊಬ್ಬನು ಬೊಂಬಾಯಿಯ ಹಡಗುಕಟ್ಟೆಯಲ್ಲಿ ಇಳಿಯುವಾಗಲೇ ಕಬ್ಬಿಣದ ಬಳೆಯನ್ನು ಹಿಡಿದು ಜೋಲಿಹೊಡೆದು ಬಲತೋಳಿನ ಕೀಲನ್ನು ತಪ್ಪಿಸಿಕೊಂಡಿದ್ದನು. ತೋಳನ್ನು ಪಟ್ಟಿಯಿಂದ ಬಿಗಿದು ಪೋಲೋ ಆಡುತ್ತ, ಮಧ್ಯಾಹ್ನದ ಬಿಸಿಲಲ್ಲಿ ಬಂಗಲೆಯೊಳಗೆ ಗಿಬ್ಬನ್ನನನ್ನೂ ಪ್ಲೇಟೋವನ್ನೂ ಶೋಪೆನ್‌ಹೌರನನ್ನೂ ಓದುತ್ತ, ಓದಿದ್ದರ ಫಲವಾಗಿ ಬಾಲ್ಯದ ದೈವಶ್ರದ್ಧೆಯನ್ನು ಕಳೆದುಕೊಳ್ಳುತ್ತ, ಗುಂಡು ಹಾರುವ ಕಡೆಗೆ ಹೋದಾಗ ಮಾತ್ರ ತನಗರಿಯದೆಯೇ ಪ್ರಾರ್ಥಿಸುತ್ತ ಕಾಲ ಕಳೆದ ಈತನೇ ವಿನ್‌ಸ್ಟನ್ ಚರ್ಚಿಲ್. 1898ರ ಸೆಪ್ಟೆಂಬರ್ 2ರಂದು ಸೂಡಾನಿನ ಓಮ್ದುರ್ಮಾನಿನಲ್ಲಿ 21ನೆಯ ಲ್ಯಾನ್ಸರುಗಳು ಕುದುರೆ ನುಗ್ಗಿಸಿದಾಗ, ತೋಳಿನ ನೋವಿನ ದೆಸೆಯಿಂದ ಆತನು ಕತ್ತಿಯನ್ನು ಒರೆಗೆ ಸೇರಿಸಿ, ಲಂಡನ್ನಿನಲ್ಲಿ ಸ್ವಂತ ಹಣದಿಂದ ಕೊಂಡಿದ್ದ, ಹತ್ತು ಗುಂಡಿನ ಹೊಸ ಮೌಸರ್ ಪಿಸ್ತೂಲನ್ನು ತೆಗೆದನು. ಬದುಕಿ ಬಂದನು. ತೋಳು ಉಳುಕದಿದ್ದರೆ ಕತ್ತಿ. ಕತ್ತಿಯಾಗಿದ್ದರೆ ಬಹುಶಃ ಮರಣ: ಹೀಗೆ ಆತನೇ ಮುಪ್ಪಿನ ಕಡೆಗೆ ಬರೆಯುತ್ತ, ಕೇಡೆಂದು ಕಂಡದ್ದು ಒಳಿತಾಗಬಹುದೆಂದು ವೇದಾಂತ ಹೇಳಿಕೊಂಡಿದ್ದಾನೆ.

ಸರಿ; ಆ ಮೌಸರಿಗೆ ಪುಣ್ಯವೆಂದು ಬರೆಯಬೇಕೆ? ಅದು ಉಳಿಸಿದ ಪ್ರಾಣವು 1940ರಲ್ಲಿ ಹಿಟ್ಲರನೆದುರು ನಿಂತಿತು, ನಿಜ. ಅದೇ ಪ್ರಾಣವು 1931ರಲ್ಲಿ ಗಾಂಧಿಯನ್ನು ಅರೆಬೆತ್ತಲೆಯ ಫಕೀರನೆಂದು ಹಳಿಯಿತು. ಭಾರತಕ್ಕೆ ಸ್ವರಾಜ್ಯ ಕೊಡುವ ಮಾತು ಬಂದಾಗಲೆಲ್ಲ ಅಡ್ಡಗಟ್ಟಿತು. ಓಮ್ದುರ್ಮಾನಿನ ಮರಳಿನಲ್ಲಿ ಅಂದು ಒಂದೇ ಹೊತ್ತಿಗೆ ಸತ್ತ ಸುಮಾರು ಹತ್ತು ಸಾವಿರ ದರ್ವೇಶಿಗಳನ್ನು ಯಾವ ಪುಟದಲ್ಲಿ ಬರೆಯುವುದು? ಫಲಗಳ ಬಳ್ಳಿಯನ್ನು ಹಿಡಿದು ಎಳೆದರೆ ಅದು ಬರುತ್ತಲೇ ಇರುತ್ತದೆ, ಬೇರು ಸಿಕ್ಕುವುದಿಲ್ಲ. ಅದಂತಿರಲಿ, ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಆತನ ಹೆಸರಿಗೆ 13 ರೂಪಾಯಿ ಬಾಕಿ ಇನ್ನೂ ನಿಂತಿದೆ. ಈ ಊರಿಗೆ ಸಂಬಂಧಿಸಿದಂತೆ ಆತನ ಪಾಪಪುಣ್ಯಗಳಲ್ಲಿ ಅಂಕಿಯಾಗಿ ಗೊತ್ತಿರುವುದು ಅದೊಂದೇ.

ಕರ್ತೃವಿನ ಮಾತಿನಿಂದಲೂ ಆಗದೆ, ಫಲದ ಮಾತಿನಿಂದಲೂ ಆಗದೆ ನಿಂತ ಹೊತ್ತಿನಲ್ಲಿ ನನಗೆ ನೆರವಾದದ್ದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ. ಕನ್ನಡನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ಬರೆದು ಬೆಳಗಿದ ಆ ಗ್ರಂಥದ ಆರನೆಯ ಅಧ್ಯಾಯದಲ್ಲಿ, ಕರ್ಮವು ಆತ್ಮದೊಳಕ್ಕೆ ಹರಿದು ಬರುವ ಬಗೆಯನ್ನು ವಿವರಿಸುತ್ತ, ಆ ಹರಿವಿಗೆ ಆಶ್ರಯವಾಗುವುದು ಜೀವವಷ್ಟೇ ಅಲ್ಲ, ಅಜೀವವೂ ಹೌದು ಎಂದು ಸೂತ್ರಕಾರನು ಹೇಳಿ, ಅಜೀವದ ದ್ವಾರಗಳನ್ನು ನಾಲ್ಕಾಗಿ ಎಣಿಸುತ್ತಾನೆ: ನಿರ್ವರ್ತನೆ, ನಿಕ್ಷೇಪ, ಸಂಯೋಗ, ನಿಸರ್ಗ. ಮಾಡುವುದು, ಇಡುವುದು, ಕೂಡಿಸುವುದು, ಬಿಡುವುದು. ಪಾಪವು ಜಡದಲ್ಲಿ ಕೂತಿದೆಯೆಂದಲ್ಲ ಇದರ ಅರ್ಥ. ಜಡವು ಒಂದು ತೂಬು, ನೀರು ಬರುವುದು ತೂಬಿನ ಮೂಲಕ, ತೂಬನ್ನು ತೆರೆದವನ ಗದ್ದೆಗೆ. ಪಿಸ್ತೂಲಿನ ಚರಿತ್ರೆಯನ್ನು ಬರೆಯುವವರು ಮೊದಲನೆಯದನ್ನೂ ಕೊನೆಯದನ್ನೂ, ಎಂದರೆ ಕಾರ್ಖಾನೆಯನ್ನೂ ಕುದುರೆಯನ್ನು ಎಳೆದ ಬೆರಳನ್ನೂ ಬಲ್ಲರು. ನನ್ನನ್ನು ತಡೆದು ನಿಲ್ಲಿಸಿದ್ದು ಎರಡನೆಯ ಮಾತು, ನಿಕ್ಷೇಪ.

ನಮ್ಮ ಹಳೆಯ ದಾನಶಾಸನಗಳಲ್ಲಿ ಭೂಮಿಯನ್ನು ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಎಂಟು ಭೋಗಗಳನ್ನು ಎಣಿಸುವರಷ್ಟೆ. ಅಲ್ಲಿ ನಿಕ್ಷೇಪವೆಂದರೆ ಇಟ್ಟು ಮರೆತ ಸಂಪತ್ತು. ಸೂತ್ರದ ವೃತ್ತಿಕಾರರು ಇದನ್ನು ನಾಲ್ಕು ಬಗೆಯಾಗಿ ಒಡೆಯುತ್ತಾರೆ: ನೋಡದೆ ಇಡುವುದು, ಸರಿಯಾಗಿ ಒರೆಸದೆ ಇಡುವುದು, ದುಡುಕಿ ಇಡುವುದು, ಮನಸ್ಸಿಲ್ಲದೆ ಇಡುವುದು. ಇರುವೆ ಹುಳುಗಳ ಮೇಲೆ ಕಮಂಡಲುವನ್ನು ಇಟ್ಟುಬಿಟ್ಟಾರೆಂದು ಯತಿಗಳಿಗೆ ಹೇಳಿದ ಈ ಸೂಕ್ಷ್ಮವನ್ನು ಪಿಸ್ತೂಲಿಗೆ ಹಚ್ಚಿದರೆ ಯಾರೂ ಆಕ್ಷೇಪಿಸಲಾರರು. ಸಮಂತಭದ್ರಾಚಾರ್ಯರು ಗೃಹಸ್ಥರಿಗೆ ಹೇಳುವಾಗಲಂತೂ ಪ್ರಯೋಜನವಿಲ್ಲದೆ ಆಯುಧವನ್ನು ಕೈಗೆ ಕೊಡುವುದನ್ನೇ ಹಿಂಸಾದಾನವೆಂಬ ಬೇರೆ ದೋಷವಾಗಿ ಗಣಿಸಿ, ಆ ಪಟ್ಟಿಯಲ್ಲಿ ಕತ್ತಿಯೊಡನೆ ಗುದ್ದಲಿಯನ್ನೂ ಸೇರಿಸಿದ್ದಾರೆ. ಅಬಿಸೀನಿಯದಿಂದ ಗ್ವಾಲಿಯರಿನವರೆಗೆ, ಗ್ವಾಲಿಯರಿನಿಂದ ದೆಹಲಿಯವರೆಗೆ ಆ ಪಿಸ್ತೂಲು ನಡೆದ ದಾರಿಯೆಲ್ಲವೂ ಇಡುವಿಕೆಯ ದಾರಿ. ಪೆಟ್ಟಿಗೆಯಲ್ಲಿ ಇಟ್ಟರು, ಕಪಾಟಿನಲ್ಲಿ ಇಟ್ಟರು, ಒತ್ತೆಯಿಟ್ಟರೋ ಮಾರಿದರೋ. ಯಾರೂ ಕೊಲ್ಲಲಿಲ್ಲ, ಯಾರ ಮನಸ್ಸಿನಲ್ಲಿಯೂ ಬಹುಶಃ ಕೊಲೆಯಿರಲಿಲ್ಲ. ದಂಡಿನ ಸೇವೆಯಿಂದ ಹೊರಬಿದ್ದ ಸೇವಾಪಿಸ್ತೂಲು ಯಾರ ಸೇವೆಗೂ ಸೇರದೆ ಏಳು ವರ್ಷ ಕಾದಿತು. ಆ ಏಳು ವರ್ಷವೇ ನನ್ನ ಮಟ್ಟಿಗೆ ಅದರ ನಿಜವಾದ ಯುದ್ಧಚರಿತ್ರೆ.

ಇಟ್ಟ ಆಯುಧದ ವಿಷಯದಲ್ಲಿ ನಮ್ಮ ಹಿರಿಯರಿಗೆ ಎಷ್ಟು ಭಯವಿತ್ತೆಂಬುದನ್ನು ವಿರಾಟಪರ್ವವು ಹೇಳುತ್ತದೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಊರ ಹೊರಗಿನ ಬನ್ನಿಯ ಮರದಲ್ಲಿ ಕಟ್ಟಿಟ್ಟು, ಅಷ್ಟಕ್ಕೇ ಬಿಡದೆ, ಯಾರೂ ಹತ್ತಿರ ಸುಳಿಯದಂತೆ ಒಂದು ಹೆಣವನ್ನೂ ಆ ಕೊಂಬೆಗೆ ತೂಗುಹಾಕಿದರು. ಮಕ್ಕಳಿಗೆ ಕಥೆ ಹೇಳುವಾಗ ಹೆಣದ ಭಾಗವನ್ನು ನಾವು ನುಂಗಿಬಿಡುತ್ತೇವೆ. ಕಥೆಯ ತಿರುಳೇ ಅದು. ಆಯುಧವನ್ನು ಇಟ್ಟ ಕಡೆಯಲ್ಲಿ ಸಾವಿನ ವಾಸನೆ ಇರಲಿ, ಗೊತ್ತಿಲ್ಲದವನು ಕೈಯಿಕ್ಕದಿರಲಿ. ಮಹಾಪ್ರಸ್ಥಾನಕ್ಕೆ ಹೊರಟಾಗ ಅರ್ಜುನನು ಗಾಂಡೀವವನ್ನು ಬಿಡಲಾರದೆ ಹೊತ್ತೊಯ್ಯುತ್ತಿರಲು ಅಗ್ನಿಯು ಅಡ್ಡ ನಿಂತು, ಅದು ವರುಣನಿಂದ ಎರವಲು ತಂದದ್ದು, ಅವನಿಗೇ ಸಲ್ಲಲಿ ಎಂದು ಬಿಡಿಸಿ, ಸಮುದ್ರದಲ್ಲಿ ಹಾಕಿಸಿದನು. ಗಾಂಡೀವವೂ ಸೇವಾಯುಧವೇ, ಅದಕ್ಕೂ ಕೊಟ್ಟ ದಿನವೊಂದು, ಒಪ್ಪಿಸಿದ ದಿನವೊಂದು. ಇವೆರಡಕ್ಕಿಂತಲೂ ಮೇಲಾದದ್ದು ಪಂಪನ ಆದಿಪುರಾಣದಲ್ಲಿ ಬರುವ ಚಕ್ರರತ್ನ. ಸೋತ ಭರತನು ಅದನ್ನು ತಮ್ಮನ ಮೇಲೆ ಪ್ರಯೋಗಿಸಿದಾಗ ಅದು ಬಾಹುಬಲಿಯನ್ನು ಬಲವಂದು ನಿಂತಿತು. ಜಡಕ್ಕೆ ವಿವೇಕವಿರುವ ಲೋಕವನ್ನು ಕವಿಗಳು ಒಂದು ಬಾರಿ ಕಂಡರು. ಗಾರ್ದೋನೆಯ ಕಾರ್ಖಾನೆಯಲ್ಲಿ ಆ ಗುಣವನ್ನು ಎರಕಹೊಯ್ಯುವ ಕುಲುಮೆ ಇಲ್ಲ.

ಸೂತ್ರದ ನಾಲ್ಕನೆಯ ನಿಕ್ಷೇಪ, ಮನಸ್ಸಿಲ್ಲದೆ ಇಡುವುದು, ಅದರ ಪೂರ್ಣರೂಪವನ್ನು ಕಳೆದ ಶತಮಾನವು ನೆಲಬಾಂಬಿನಲ್ಲಿ ಕಂಡಿತು. ಇಟ್ಟವನು ಹೋಗಿಬಿಡುತ್ತಾನೆ, ಯಾರಿಗೆಂದು ಇಟ್ಟನೋ ಅವನಿಗೂ ಗೊತ್ತಿಲ್ಲ, ಕುದುರೆಯನ್ನು ಎಳೆಯುವ ಬೆರಳು ಸಾಯುವವನ ಕಾಲೇ. 1944ರ ಫೆಬ್ರವರಿ 24ರಂದು, ಅದೇ ಇಟಲಿಯಲ್ಲಿ, ಮಿಗ್ನಾನೊ ಎಂಬ ಕಡೆ ದಾರಿಯ ಬಾಂಬುಗಳನ್ನು ತೆಗೆಯುತ್ತಿದ್ದ ಮದ್ರಾಸ್ ಸ್ಯಾಪರ್ಸಿನ ಸುಬೇದಾರ್ ಸುಬ್ರಮಣಿಯನ್ನರು, ಜೊತೆಯವನೊಬ್ಬನ ಕಾಲಡಿಯಲ್ಲಿ ಕೀಲು ಸರಿದ ಸದ್ದನ್ನು ಕೇಳಿ, ಸಿಡಿಯುವುದಕ್ಕೆ ಮುನ್ನ ಅದರ ಮೇಲೆ ತಾವೇ ಬಿದ್ದರು. ಉಳಿದವರು ಉಳಿದರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಬಂದಿತು. ಶತ್ರು ಎದುರಿಲ್ಲದೆಡೆಯ ಶೌರ್ಯಕ್ಕೆ ಕೊಡುವ ಪದಕವದು. ಶತ್ರು ಎದುರಿಲ್ಲವೆಂಬುದನ್ನು ಆಳವಾಗಿ ಯೋಚಿಸಬೇಕು. ಅಲ್ಲಿದ್ದದ್ದು ಇಟ್ಟುಹೋದ ಆಯುಧ ಮಾತ್ರ. ಯಾವನೋ ಕೈಬಿಟ್ಟದ್ದನ್ನು ಇನ್ನೊಬ್ಬನು ಮೈಯಿಂದ ಮುಚ್ಚಿದನು. ಊರ ಗಡಿಗಳಲ್ಲಿ ನಿಂತ ನಮ್ಮ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದ ವೀರನು ಮೇಲಿನ ಪಟ್ಟಿಯಲ್ಲಿ ಲಿಂಗದೆದುರು ಬರಿಗೈಯನ್ನು ಜೋಡಿಸಿ ಕುಳಿತಿರುವುದನ್ನು ಕಂಡಿದ್ದೇವೆ. ಈತನಿಗೆ ಕಲ್ಲು ಕಡೆಯುವುದಾದರೆ ಕೆಳಗಿನ ಪಟ್ಟಿಯಲ್ಲಿಯೂ ಕೈ ಬರಿದಾಗಿಯೇ ಇರಬೇಕು.

ಹಲಸೂರಿನ ನನ್ನ ನೆರೆಯಲ್ಲಿ ಕೋತಿನ ಹವಾಲ್ದಾರರಾಗಿ ನಿವೃತ್ತರಾದ ವೃದ್ಧರೊಬ್ಬರಿದ್ದಾರೆ. ಕೋತ್ ಎಂದರೆ ಪಲ್ಟನ್ನಿನ ಆಯುಧಶಾಲೆ. ಬೆಳಿಗ್ಗೆ ಅಂಕಿ ನೋಡಿ ಕೊಡುವುದು, ಸಂಜೆ ಅಂಕಿ ನೋಡಿ ತೆಗೆದುಕೊಳ್ಳುವುದು, ಒಂದು ಕಡಮೆಯಾದರೆ ಪಲ್ಟನ್ನಿಗೆ ಪಲ್ಟನ್ನೇ ಊಟ ಬಿಟ್ಟು ನಿಲ್ಲುವುದು: ಇದೇ ಅವರ ಆಯುಷ್ಯ. ಸೈನಿಕನಿಗೆ ಧರ್ಮಸಂಕಟವಿಲ್ಲವೆ ಎಂದು ನಾನು ಒಮ್ಮೆ ಅವರನ್ನು, ಪುಸ್ತಕದವರಿಗೆ ಸಹಜವಾದ ಅವಿವೇಕದಿಂದ, ಕೇಳಿದೆನು. "ಕೊಡೋದು ಸುಲಭ ಸ್ವಾಮಿ. ವಾಪಸು ಎಣಿಸಿಕೊಳ್ಳೋದೇ ಕಷ್ಟ" ಎಂದರು. ಅವರು ಉಮಾಸ್ವಾತಿಯನ್ನು ಓದಿದವರಲ್ಲ.

ಆಯುಧಪೂಜೆಯನ್ನು ಶಸ್ತ್ರದ ಆರಾಧನೆಯೆಂದು ಟೀಕಿಸುವ ವಿದ್ಯಾವಂತರಿದ್ದಾರೆ. ಶಸ್ತ್ರದ ಮಹಿಮೆಯೆಂದು ಮೆರೆಯಿಸುವ ಭಕ್ತರೂ ಹೆಚ್ಚುತ್ತಿದ್ದಾರೆ. ಇಬ್ಬರೂ ಪೂಜೆಯ ವಿಧಿಯನ್ನು ನೋಡಿಲ್ಲ. ಮಹಾನವಮಿಯಂದು ಪೂಜೆಗೆ ಇಟ್ಟದ್ದನ್ನು ಮತ್ತೆ ತೆಗೆಯುವವರೆಗೆ ಬಳಸಕೂಡದು; ಪುಸ್ತಕವನ್ನು ಓದಕೂಡದು, ಉಳಿಯನ್ನು ಹಿಡಿಯಕೂಡದು, ಕತ್ತಿಯನ್ನು ಎತ್ತಕೂಡದು. ವರ್ಷದಲ್ಲಿ ಒಂದು ದಿನ ತೊಳೆದು, ಒರೆಸಿ, ನೋಡಿ, ಎಣಿಸಿ, ಮನಸ್ಸಿಟ್ಟು ಇಡುವುದು. ವೃತ್ತಿಕಾರರ ನಾಲ್ಕು ದೋಷಗಳಿಗೂ ಸರಿಯಾಗಿ ಎದುರಾದ ನಾಲ್ಕು ಕ್ರಿಯೆಗಳು. ಇದಕ್ಕೆ ವಿರುದ್ಧವಾದ ಶಿಸ್ತೂ ನಮ್ಮ ಕೆರೆಯ ದಡದಲ್ಲಿಯೇ ಇದೆಯೆಂಬುದನ್ನು ಮರೆಯಬಾರದು. ಅಲ್ಲಿಯ ಗುರುದ್ವಾರಕ್ಕೆ ಬರುವ ಅಮೃತಧಾರಿ ಸಿಖ್ಖನು ಕಿರ್ಪಾಣವನ್ನು ಇಡುವುದೇ ಇಲ್ಲ. ಅದು ಹಗಲಿರುಳೂ ಮೈಮೇಲಿನ ವ್ರತ. ಎಂದಿಗೂ ಇಡದವನು ಎಲ್ಲಿಯೋ ಇಟ್ಟು ಮರೆಯುವುದು ಹೇಗೆ? ಲಂಗರಿನಲ್ಲಿ ಅದೇ ಸೊಂಟದವರು ಬಗ್ಗಿ ರೊಟ್ಟಿ ಬಡಿಸುವುದನ್ನು ನೋಡಿದಾಗ, ಎರಡು ದಾರಿಗಳೂ ಒಂದೇ ಎಚ್ಚರವನ್ನು ಎರಡು ಕಡೆಯಿಂದ ಕಾಯುತ್ತಿವೆಯೆಂದು ನನಗೆ ತೋರುತ್ತದೆ. ಆದರೆ ಇದು ಹೊರಗಿನವನ ಮಾತು.

ಈಗ ಮಹಾತ್ಮಾ ಗಾಂಧಿ ರಸ್ತೆಯ ಮೇಲೆ ಮೆಟ್ರೋ ಓಡುತ್ತದೆ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳನ್ನು ಹಾದು ಮೊದಲ ಗಾಡಿ ಬಂದು ನಿಂತದ್ದು ಆ ಹೆಸರಿನ ನಿಲ್ದಾಣದಲ್ಲಿಯೇ. ಒಳಹೋಗುವ ಪ್ರತಿಯೊಬ್ಬನ ಚೀಲವನ್ನೂ ಯಂತ್ರದೊಳಗೆ ಹಾಯಿಸಿ, ಮೈಯನ್ನು ತಡವಿ, ಆಯುಧವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಬಿಡುತ್ತಾರೆ. ಅದು ಸರಿಯೇ, ನಾನು ಚೀಲವನ್ನು ಮರುಮಾತಿಲ್ಲದೆ ಇಡುತ್ತೇನೆ. ಆದರೆ 1948ರ ಜನವರಿ 20ರಂದು ಪ್ರಾರ್ಥನಾಸ್ಥಳದಲ್ಲಿ ಸ್ಫೋಟವಾದ ಮೇಲೆ, ಬರುವವರನ್ನೆಲ್ಲ ಶೋಧಿಸುತ್ತೇವೆಂದು ಪೊಲೀಸರು ಕೇಳಿಕೊಂಡಾಗ ಆ ಹೆಸರಿನವನು ಒಪ್ಪಲಿಲ್ಲವೆಂಬುದು ಅಲ್ಲಿ ಪ್ರತಿ ಬಾರಿಯೂ ನೆನಪಾಗುತ್ತದೆ. ಪ್ರಾರ್ಥನೆಗೆ ಬರುವವನು ಆಯುಧವನ್ನು ಹೊರಗೆ ತಾನಾಗಿ ಇಟ್ಟು ಬರಬೇಕು, ಬೇರೆಯವರು ಇಡಿಸುವುದಲ್ಲವೆಂದು ಆತನು ನಂಬಿದ್ದಿರಬೇಕು. ಆ ನಂಬಿಕೆ ತಪ್ಪೆಂದು ಹತ್ತೇ ದಿನದಲ್ಲಿ ಸಿದ್ಧವಾಯಿತೆ, ಅಥವಾ ಅದು ಸಿದ್ಧವಾಗುವ ಬಗೆಯ ನಂಬಿಕೆಯೇ ಅಲ್ಲವೆ, ಇದನ್ನು ಟ್ರಿನಿಟಿಯಿಂದ ಹಲಸೂರಿನವರೆಗೆ ಮರಳಿ ನಡೆಯುವಾಗ ನಾನು ಎಷ್ಟೋ ಸಲ ಯೋಚಿಸಿ, ಮನೆ ಬಂದಿತೆಂದು ನಿಲ್ಲಿಸಿದ್ದೇನೆ.

ಕಳೆದ ವಿಜಯದಶಮಿಯ ಬೆಳಿಗ್ಗೆ ಕೋತಿನ ಹವಾಲ್ದಾರರ ಮನೆಗೆ ಹೋಗಿದ್ದೆನು. ನವಮಿಯ ದಿನ ಅವರು ಪೂಜೆಗೆ ಇಟ್ಟದ್ದು ಗುದ್ದಲಿ, ಕರಣೆ, ತೂಕದ ಗುಂಡು, ರಸಮಟ್ಟ, ಈಳಿಗೆಮಣೆ, ಮೊಮ್ಮಗನ ಮೋಟಾರುಸೈಕಲ್ಲಿನ ಬೀಗದ ಕೈ, ಹೀಗೆ ಮನೆಯ ಸಕಲವೂ. ಪಟದ ಪಕ್ಕದಲ್ಲಿ ಒಂದು ಚೀಟಿಯ ಮೇಲೆ ಹನ್ನೊಂದು ಎಂದು ಬರೆದಿದ್ದರು. ಎತ್ತುವಾಗ ಹತ್ತೇ ಇದ್ದುವು. ಮುದುಕರು ಚರ್ಪನ್ನು ಮುಟ್ಟಲಿಲ್ಲ, ನಮ್ಮನ್ನೂ ಮುಟ್ಟಗೊಡಲಿಲ್ಲ; ಸೊಸೆ ಗೊಣಗಿದಳು, ಹೂವಿನ ರಾಶಿಯನ್ನು ಕೊಡವಿದರು, ಮಣೆಯನ್ನು ಎತ್ತಿ ನೋಡಿದರು. ಅರ್ಧ ಗಂಟೆಯ ಮೇಲೆ ಮರಿಮಗಳ ಶಾಲೆಯ ಚೀಲದೊಳಗೆ, ಗಣಿತದ ಪೆಟ್ಟಿಗೆಯಲ್ಲಿ, ಕೈವಾರ ಸಿಕ್ಕಿತು. ಮೊನೆಯಲ್ಲಿ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಅವರು ಅದನ್ನು ಒರೆಸಿ, ಹತ್ತರ ಪಕ್ಕದಲ್ಲಿ ಇಟ್ಟು, ಚೀಟಿಯ ಮೇಲೆ ಗುರುತು ಹಾಕಿ, ಆಮೇಲೆ ಒಂದೊಂದನ್ನಾಗಿ ಎತ್ತಿ ಅವರವರ ಕೈಗೆ ಕೊಡತೊಡಗಿದರು.